ಗುಳಿಗೆಯ ಜೊತೆಗೊಂದು ಚಮಚ ಪುಡಿ

ಎಪ್ಪತ್ತರ ದಶಕದಲ್ಲಿ, ನಾವು ಇಂಡಿ ಪಟ್ಟಣದಲ್ಲಿದ್ದಾಗ, ನನ್ನ ಅತ್ತೆಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಕೊಟ್ಟ ಗುಳಿಗೆಯ ಜೊತೆಗೆ ನಾನು ಮೆಂತ್ಯ, ಜೀರಿಗೆ, ದಾಲ್ಚಿನ್ನಿ ಹುರಿದು ಕುಟ್ಟಿ ಪುಡಿ ಮಾಡಿ ಕೊಡತೊಡಗಿದೆ. ದಿನಾ ಬೆಳಿಗ್ಗೆ ಪರೀಕ್ಷೆಯ ನೀಲಿ ದ್ರವಕ್ಕೆ ಅವರ ಮೂತ್ರದ ಹನಿ ಹಾಕಿ ಕಾಯಿಸುತ್ತಿದ್ದೆ. ಕೆಂಪಾದರೆ ಸಕ್ಕರೆ ಹೆಚ್ಚಿದೆ, ಹಸಿರಾದರೆ ತುಸುವೇ ಇದೆ ಎಂದರ್ಥ. ಹಸಿರು ಕಂಡರೂ ನನಗೆ ಸಮಾಧಾನವಿಲ್ಲ, ಪುಡಿಯ ಅಳತೆ ಬದಲಿಸುತ್ತಲೇ ಇದ್ದೆ.

ಒಂದು ವಾರ ಬಣ್ಣ ಕೆಂಪಿಗೆ ತಿರುಗಿತು. ಮೆಂತ್ಯ ಹೆಚ್ಚಿಸಿದೆ, ಇನ್ನೂ ಕೆಂಪಾಯಿತು. ಅವರ ಹಾಸಿಗೆ ಕೊಡವುವಾಗ ಗುಳಿಗೆಗಳು ಉದುರಿದವು.

"ನುಂಗೇ ಇಲ್ಲೇನ್ರಿ ಅತ್ತಿ?"

"ನಿನ್ನ ಪುಡಿ ತಗೊಳ್ಳಾಕತ್ತೇನಿ, ಇನ್ನ ಗುಳಿಗಿ ಯಾಕ ಬೇಕವ್ವಾ?"

ಉದುರಿದ ಗುಳಿಗೆಗಳನ್ನು ಒಂದೊಂದಾಗಿ ಆರಿಸಿ ಎಣಿಸಿದೆ. ಅಂದಿನಿಂದ ಗುಳಿಗೆ ನುಂಗಿಸಿದ ಮೇಲೆಯೇ ಪುಡಿ ಕೊಟ್ಟೆ. ಬಣ್ಣ ಹಸಿರಿಗೆ ಬಂತು. ಅದರಲ್ಲಿ ನನ್ನ ಪುಡಿಯ ಪಾಲೆಷ್ಟೋ, ಇಂದಿಗೂ ಗೊತ್ತಿಲ್ಲ.