ಆಗ್ನೆಸ್ ಊಟ ಮಾಡಿದ ಭಾನುವಾರ

2023ರ ನವೆಂಬರಿನಲ್ಲಿ ನಾನು ಉತ್ತರ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇಂಟರ್‌ನ್ಯಾಷನಲ್ ಪೇಷಂಟ್ ಕೋಆರ್ಡಿನೇಟರ್ ಆಗಿದ್ದೆ. ಹೊರದೇಶಗಳಿಂದ ಚಿಕಿತ್ಸೆಗೆ ಬರುವವರನ್ನು ವಿಮಾನ ನಿಲ್ದಾಣದಲ್ಲಿ ಎದುರುಗೊಳ್ಳುವುದರಿಂದ ಹಿಡಿದು ಮರಳಿ ಕಳಿಸಿಕೊಡುವವರೆಗೆ ಅವರ ಜೊತೆಗಿರುವ ಕೆಲಸ. ವೈದ್ಯಕೀಯ ನಿರ್ಧಾರಗಳಲ್ಲಿ ನಮಗೆ ಪಾತ್ರವಿಲ್ಲ. ಆದರೆ ಎಷ್ಟೋ ಸಲ ಆ ನಿರ್ಧಾರಗಳು ರೋಗಿಗಿಂತ ಮೊದಲು ನಮಗೆ ತಿಳಿಯುತ್ತವೆ. ಆಪರೇಷನ್ ಥಿಯೇಟರನ್ನು ಕಾಯ್ದಿರಿಸುವವರೂ ನಾವೇ, ಬಿಟ್ಟುಕೊಡುವವರೂ ನಾವೇ. ನನ್ನ ದಿನಚರಿಯಲ್ಲಿ ನಾನು ನೋಡಿಕೊಂಡ ಪ್ರತಿ ಆಪರೇಷನ್ನೂ ಮೂರು ಸಾಲುಗಳಲ್ಲಿ ಒಂದರಲ್ಲಿ ಸೇರುತ್ತದೆ: ನಡೆದದ್ದು, ಮುಂದೆ ಹೋದದ್ದು, ರದ್ದಾದದ್ದು.

ಆಗ್ನೆಸ್ ಜಾಂಬಿಯಾ ದೇಶದ ಪ್ರಾಥಮಿಕ ಶಾಲೆಯ ಶಿಕ್ಷಕಿ, ನಲವತ್ತರ ಆಚೆಗಿನ ವಯಸ್ಸು. ಪಿತ್ತಜನಕಾಂಗದಲ್ಲಿ ಗೆಡ್ಡೆಯಿತ್ತು. ಅದನ್ನು ತೆಗೆಸಿಕೊಳ್ಳಲು ಗಂಡ ಪೀಟರ್ ಜೊತೆ ಬಂದಿದ್ದರು. ಅವರ ಊರಿನ ಚರ್ಚಿನವರು ಇಲ್ಲಿಯ ಶೆಟ್ಟಿಹಳ್ಳಿಯ ಒಂದು ಚಿಕ್ಕ ಕನ್ನಡ ಸಭೆಗೆ ಹೇಳಿ, ಚರ್ಚಿನ ಹಿಂದಿನ ಕೋಣೆಯಲ್ಲಿ ಇಬ್ಬರಿಗೂ ತಂಗಲು ಏರ್ಪಾಡು ಮಾಡಿಸಿದ್ದರು. ಭಾಷೆ ಬೇರೆ, ಊಟ ಬೇರೆ. ಆದರೂ ಒಂದೇ ವಾರದಲ್ಲಿ ಪೀಟರ್ ಗಾಯನ ತಂಡದಲ್ಲಿ ಸೇರಿಕೊಂಡು, ಅರ್ಥವಾಗದ ಕನ್ನಡ ಕೀರ್ತನೆಗಳಿಗೆ ತಗ್ಗಿನ ಸ್ವರ ಕೂಡಿಸುತ್ತಿದ್ದರು. ಆಗ್ನೆಸ್ "ಸಾಕು", "ಊಟ ಆಯ್ತಾ" ಕಲಿತಿದ್ದರು. ನನ್ನೊಂದಿಗೆ ಇಬ್ಬರದೂ ಇಂಗ್ಲಿಷ್.

ಆಪರೇಷನ್ ಸೋಮವಾರಕ್ಕೆ ಗೊತ್ತಾಗಿತ್ತು; ಭಾನುವಾರ ಸಂಜೆ ದಾಖಲಾಗಬೇಕಿತ್ತು. ಶನಿವಾರ ಮಧ್ಯಾಹ್ನ ಟ್ಯೂಮರ್ ಬೋರ್ಡ್ ಕೂತಿತು. ಶಸ್ತ್ರವೈದ್ಯರು, ಕ್ಯಾನ್ಸರ್ ತಜ್ಞರು, ಸ್ಕ್ಯಾನ್ ಓದುವವರು ಒಟ್ಟಿಗೆ ಒಂದು ಕೇಸನ್ನು ಚರ್ಚಿಸುವ ಸಭೆ ಅದು. ಹೊಸ ಸ್ಕ್ಯಾನಿನಲ್ಲಿ ರೋಗ ಹೊಟ್ಟೆಯ ಒಳಪದರಕ್ಕೆಲ್ಲ ಹರಡಿತ್ತು. ಇನ್ನು ಗೆಡ್ಡೆ ತೆಗೆದು ಪ್ರಯೋಜನವಿಲ್ಲ ಎಂದು ತೀರ್ಮಾನವಾಯಿತು. ಶಸ್ತ್ರವೈದ್ಯರು ಬೇರೆ ಊರಿಗೆ ಹೊರಟು ನಿಂತಿದ್ದರು.

"ಥಿಯೇಟರ್ ಬಿಟ್ಟುಕೊಡು. ಸೋಮವಾರ ಹತ್ತಕ್ಕೆ ಇಬ್ಬರನ್ನೂ ನನ್ನ ರೂಮಿಗೆ ಕರ್ಕೊಂಡ್ ಬಾ. ನಾನೇ ಕೂರಿಸ್ಕೊಂಡು ಹೇಳ್ತೀನಿ. ಫೋನಲ್ಲಿ ಹೇಳೋ ವಿಷಯ ಅಲ್ಲ ಇದು," ಎಂದರು.

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಥಿಯೇಟರಿಗೆ, ವಾರ್ಡಿಗೆ, ಬ್ಲಡ್ ಬ್ಯಾಂಕಿಗೆ ತಿಳಿಸಿದೆ. ಪೀಟರ್‌ಗೆ ಫೋನ್ ಮಾಡಿ, ಭಾನುವಾರ ದಾಖಲಾಗುವುದು ಬೇಡ, ಸೋಮವಾರ ಹತ್ತಕ್ಕೆ ಡಾಕ್ಟರ್ ನೋಡುತ್ತಾರಂತೆ ಎಂದಷ್ಟೇ ಹೇಳಿದೆ.

"ಹಾಗಾದರೆ ಭಾನುವಾರ ನಮ್ಮದು!" ಎಂದು ಅವರು ಕೂಗಿದ್ದು ಕಿವಿಗೆ ಹೊಡೆಯಿತು. "ಹಬ್ಬಕ್ಕೆ ಆಗ್ನೆಸ್ ಇರುತ್ತಾಳೆ. ನೀವು ಬರುತ್ತೀರಲ್ಲ?"

ಚರ್ಚಿನ ಸುಗ್ಗಿ ಹಬ್ಬಕ್ಕೆ ಬರುತ್ತೇನೆಂದು ಹಿಂದೆಯೇ ಒಪ್ಪಿದ್ದೆ. ಹೋಗದಿದ್ದರೆ ಅದೇ ಒಂದು ಸುದ್ದಿಯಾಗುತ್ತಿತ್ತು.

ಭಾನುವಾರ ನಾಗಸಂದ್ರದ ನಮ್ಮ ಮನೆಯಿಂದ ಆಟೋ ಹಿಡಿದು ಹೋದೆ. ಚರ್ಚಿನ ಬಾಗಿಲಿಗೆ ಕಬ್ಬು ಕಟ್ಟಿದ್ದರು. ಬಲಿಪೀಠದ ಮುಂದೆ ರಾಗಿ ತೆನೆ, ಬಾಳೆಗೊನೆ, ಕೇಕು, ಕಾಲು ಕಟ್ಟಿದ ಎರಡು ಹುಂಜ, ಮಧ್ಯೆ ಒಂದು ದೊಡ್ಡ ಸಿಹಿಗುಂಬಳ. ಪ್ರಸಂಗದ ಕೊನೆಗೆ ಅಯ್ಯನವರು (ಆ ಸಭೆಯಲ್ಲಿ ಪಾದ್ರಿಗಳನ್ನು ಹಾಗೆ ಕರೆಯುತ್ತಾರೆ) ಆಗ್ನೆಸ್‌ರನ್ನು ಎದ್ದು ನಿಲ್ಲಿಸಿ, "ನಮ್ಮ ಸಹೋದರಿಯನ್ನು ದೇವರು ಇನ್ನೊಂದು ದಿನ ನಮ್ಮ ಜೊತೆ ಇರಿಸಿದ್ದಾನೆ," ಎಂದು ವಂದನೆ ಸಲ್ಲಿಸಿದರು. ಎಲ್ಲರೂ ಆಮೆನ್ ಎಂದರು. ನಾನು ಹಿಂದಿನ ಬೆಂಚಿನಲ್ಲಿ ನನ್ನ ಚಪ್ಪಲಿ ನೋಡುತ್ತ ಕೂತಿದ್ದೆ.

ಹೊರಗೆ ಬಂದ ಕೂಡಲೇ ಸಭೆಯ ಹಿರಿಯರಾದ ಪ್ರಸಾದಣ್ಣ ಹಿಡಿದುಕೊಂಡರು. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಆಪರೇಷನ್ನಿಗೆ ರಕ್ತ ಕೊಡುವವರನ್ನು ಹೊಂದಿಸಿದ್ದು ಅವರೇ.

"ಮೇಡಮ್, ನಾಳೆ ನಮ್ ಹುಡುಗ್ರು ಎಷ್ಟೊತ್ತಿಗೆ ಬರ್ಬೇಕು? ಐದ್ ಜನ ರೆಡಿ. ಅಗೋ ಅಲ್ಲಿ, ಮೀಸೆ ತಿರುವ್ತಾ ನಿಂತವ್ನಲ್ಲ, ಸೂಜಿ ಕಂಡ್ರೆ ಬಿದ್ದೋಗ್ತಾನೆ. ಅವನ್ನ ಮೊದ್ಲೇ ಮಲಗಿಸ್ಬಿಡಿ."

"ಅಣ್ಣ, ಡಾಕ್ಟರ್ ನೋಡಿದ್ಮೇಲೆ ನಾನೇ ಫೋನ್ ಮಾಡ್ತೀನಿ."

"ಡ್ಯೂಟಿ ಬದಲಾಯ್ಸ್ಕೊಂಡವ್ರೆ ಕಣಮ್ಮ. ಅಂದಾಜು ಹೇಳಿ ಸಾಕು."

"ಫೋನ್ ಮಾಡ್ತೀನಣ್ಣ," ಎಂದೆ ಮತ್ತೆ. ಬರಬೇಡಿ ಎಂದರೆ ವಿಷಯ ಹೇಳಿದಂತೆ. ಬನ್ನಿ ಎಂದರೆ ಸುಳ್ಳು. ಅವರು ನನ್ನ ಮುಖವನ್ನೊಮ್ಮೆ ನೋಡಿ, ದೊಡ್ಡ ಆಸ್ಪತ್ರೆಯವರ ರೀತಿಯೇ ಇಷ್ಟು ಎನ್ನುವಂತೆ ತಲೆಯಾಡಿಸಿ ಹೋದರು.

ಅಡುಗೆ ಮನೆಯಲ್ಲಿ ಆಗ್ನೆಸ್ ಒಲೆಯ ಮುಂದೆ ಇದ್ದರು. ಪ್ರಸಾದಣ್ಣನ ಹಿತ್ತಲಿನ ಕುಂಬಳದ ಬಳ್ಳಿಯನ್ನು ನೋಡಿ, ನಮ್ಮಲ್ಲಿ ಇದರ ಕುಡಿಯನ್ನು ಕಡಲೆಕಾಯಿ ಬೀಜದ ಪುಡಿ ಹಾಕಿ ಬೇಯಿಸುತ್ತೇವೆ ಎಂದಿದ್ದರಂತೆ. ಅವತ್ತು ಒಂದು ಬುಟ್ಟಿ ಕುಡಿ ಬಂದಿತ್ತು. ಅಯ್ಯನವರ ಹೆಂಡತಿ ಸುಗುಣಮ್ಮ ನಾರು ತೆಗೆಯುತ್ತ, "ನಾವೂ ಕುಂಬಳದ ಕುಡಿ ತಿಂತೀವಿ ಕಣ್ರೀ, ಆದ್ರೆ ಇಷ್ಟೊಂದು ಕಡ್ಲೇಬೀಜ ಸುರಿಯೋ ಧೈರ್ಯ ನಮ್ಗಿಲ್ಲ," ಎಂದು ನಕ್ಕರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಆಗ್ನೆಸ್ ಕೇಳಿ, ಇನ್ನೊಂದು ಹಿಡಿ ಪುಡಿ ಹಾಕಿದರು.

ಪ್ರೀತಿಭೋಜನಕ್ಕೆ ಚಾಪೆ ಹಾಸಿದರು. ಬಾಳೆ ಎಲೆಯಲ್ಲಿ ಮಟನ್ ಬಿರಿಯಾನಿ, ಮೊಸರು ಬಜ್ಜಿ, ಪಕ್ಕದಲ್ಲಿ ಆಗ್ನೆಸ್ ಮಾಡಿದ ಕುಡಿಯ ಪಲ್ಯ. ಆಗ್ನೆಸ್ ಎಲ್ಲರಿಗೂ ಬಡಿಸಿ ನನ್ನ ಪಕ್ಕ ಬಂದು ಕೂತರು. ಅವರ ಕೈಯಲ್ಲಿದ್ದದ್ದು ಒಂದು ಲೋಟ ಗಂಜಿ ತಿಳಿ.

ಆಗ ನನಗೆ ನೆನಪಾಯಿತು. ಆಪರೇಷನ್ನಿಗೆ ಎರಡು ದಿನ ಮೊದಲಿನಿಂದ ದ್ರವಾಹಾರ ಮಾತ್ರ ಎಂಬ ಚೀಟಿಯನ್ನು ನಾನೇ ಅವರ ಕೈಗೆ ಕೊಟ್ಟಿದ್ದೆ. ರದ್ದಾದ ಸುದ್ದಿ ಥಿಯೇಟರಿಗೆ, ವಾರ್ಡಿಗೆ, ಬ್ಲಡ್ ಬ್ಯಾಂಕಿಗೆ ಹೋಗುತ್ತದೆ. ಚೀಟಿ ರೋಗಿಯ ಕೈಯಲ್ಲಿರುತ್ತದೆ. ಅಲ್ಲಿಗೆ ಯಾರೂ ಸುದ್ದಿ ಕಳಿಸುವುದಿಲ್ಲ. ಶನಿವಾರ ಬೆಳಿಗ್ಗೆಯಿಂದ ಆಗ್ನೆಸ್ ಎಳನೀರು, ಗಂಜಿ ತಿಳಿಗಳಲ್ಲೇ ಇದ್ದರು.

"ವಾಸನೆ ನಮ್ಮಮ್ಮನ ಮನೆಯದೇ," ಎಂದರು ಆಗ್ನೆಸ್, ನನ್ನ ಎಲೆಯ ಕಡೆ ನೋಡಿ. ಸ್ವಲ್ಪ ಹೊತ್ತಾದ ಮೇಲೆ, "ಒಂದೇ ತುತ್ತು ತಿಂದರೆ ಡಾಕ್ಟರ್ ಬೈಯುತ್ತಾರಾ?" ಎಂದು ಕೇಳಿದರು.

ಕೇಳಿ ಬರುತ್ತೇನೆಂದು ಎದ್ದು ಕಾಂಪೌಂಡಿಗೆ ಹೋದೆ. ಶಸ್ತ್ರವೈದ್ಯರ ಫೋನ್ ಸ್ವಿಚ್ ಆಫ್ ಆಗಿತ್ತು. ಅವರ ತಂಡದ ಕಿರಿಯ ವೈದ್ಯರು ಸಿಕ್ಕರು.

"ಊಟ ಮಾಡ್ಲಿ ಬಿಡಿ ಪಾಪ, ಇನ್ಯಾಕ್ ಡಯಟ್ಟು? ಆದ್ರೆ ನೋಡಿ, ನೀವೇನೂ ಹೇಳ್ಬೇಡಿ."

"ಎರಡೂ ಹೆಂಗಾಗತ್ತೆ ಡಾಕ್ಟ್ರೇ?"

ಅವರು "ಹೆಂಗೋ ಮಾಡಿ," ಎಂದು ಫೋನ್ ಇಟ್ಟರು.

ವಾಪಸ್ ಬಂದು ಕೂತೆ. "ತಿನ್ನಬಹುದಂತೆ," ಎಂದೆ.

"ಎಷ್ಟು?" ಆಗ್ನೆಸ್ ಶಿಸ್ತಿನ ರೋಗಿ. ಚೀಟಿಯಲ್ಲಿ ಇನ್ನೂರು ಮಿಲಿಲೀಟರ್ ಎಂದಿದ್ದರೆ ಅಷ್ಟೇ ಕುಡಿಯುವವರು.

ಒಂದು ಚಮಚ, ಎರಡು ಚಮಚ ಎಂದಿದ್ದರೆ ಆಗುತ್ತಿತ್ತೇನೋ. ನನ್ನ ಬಾಯಿಗೆ ಅಂಥ ಲೆಕ್ಕ ಬರಲಿಲ್ಲ. "ನಿಮಗೆ ಎಷ್ಟು ಬೇಕೋ ಅಷ್ಟು," ಎಂದೆ.

ಅವರು ನನ್ನನ್ನೇ ನೋಡಿದರು. ಇಪ್ಪತ್ತು ವರ್ಷ ಮಕ್ಕಳ ಮುಖ ಓದಿದ ಕಣ್ಣು. ನಾನು ನೋಟ ತಪ್ಪಿಸಬಾರದೆಂದು ಪ್ರಯತ್ನಪಟ್ಟೆ, ಆಗಲಿಲ್ಲ. ಆಗ್ನೆಸ್ ಲೋಟವನ್ನು ಪಕ್ಕಕ್ಕಿಟ್ಟು, ಎದ್ದು ಹೋಗಿ ಕೈ ತೊಳೆದು ಬಂದರು. ಸುಗುಣಮ್ಮ ಖುಷಿಯಿಂದ ಎಲೆ ಹಾಕಿದರು. ಮೊದಲು ಪಲ್ಯ, ಆಮೇಲೆ ಬಿರಿಯಾನಿ, ಆಮೇಲೆ ಮತ್ತೆ ಪಲ್ಯ. ನಿಧಾನವಾಗಿ, ಮಾತಿಲ್ಲದೆ ಉಂಡರು. ಕೊನೆಗೆ "ಸಾಕು" ಎಂದರು. ನನ್ನನ್ನು ಬೇರೇನೂ ಕೇಳಲಿಲ್ಲ. ಸಾಲಿನ ಆ ತುದಿಯಲ್ಲಿದ್ದ ಪೀಟರ್ ಮೂಳೆ ಚೀಪುತ್ತ ಪ್ರಸಾದಣ್ಣನ ಜೊತೆ ನಗುತ್ತಿದ್ದರು.

ಊಟದ ನಂತರ ಹರಾಜು. ಹಬ್ಬಕ್ಕೆ ಬಂದ ಕಾಣಿಕೆಗಳನ್ನು ಸಭೆಯವರೇ ಕೂಗಿ ಕೊಳ್ಳುತ್ತಾರೆ. ಕೊಂಡವರು ಎಷ್ಟೋ ಸಲ ಅದನ್ನೇ ಮತ್ತೆ ಕಾಣಿಕೆಯಾಗಿ ಕೊಡುತ್ತಾರೆ, ಮತ್ತೆ ಕೂಗುತ್ತಾರೆ. ಆ ದೊಡ್ಡ ಕುಂಬಳ ಆಗಲೇ ಮೂರು ಜನರ ಕೈ ದಾಟಿತ್ತು. ಈಗ ಪೀಟರ್ ಕೂಡ ಕೂಗತೊಡಗಿದರು.

"ಏನ್ ಗುರು, ಜಾಂಬಿಯಾದೋರ ಮುಂದೆ ಶೆಟ್ಟಿಹಳ್ಳಿ ಸೋಲ್ತದಾ?" ಎಂದು ಪ್ರಸಾದಣ್ಣ ಹುರಿದುಂಬಿಸಿದರು. ಸೋತಿತು. ಕುಂಬಳ ಪೀಟರ್ ಪಾಲಾಯಿತು. ಅವರೂ ವಾಪಸ್ ಕೊಡುತ್ತಾರೆಂದು ಎಲ್ಲರೂ ಕಾದರು. ಪೀಟರ್ ಅದನ್ನು ಎದೆಗೆ ಅಪ್ಪಿಕೊಂಡು ನಿಂತರು.

"ಇದು ವಾಪಸ್ ಇಲ್ಲ. ಆಗ್ನೆಸ್ ಆಸ್ಪತ್ರೆಯಿಂದ ಬಂದ ದಿನ ಇದನ್ನು ಬೇಯಿಸಿ ಎಲ್ಲರಿಗೂ ಬಡಿಸುತ್ತೇನೆ."

ಅಯ್ಯನವರು ಅದನ್ನು ಕನ್ನಡದಲ್ಲಿ ಹೇಳಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ನಾನು ಆಗ್ನೆಸ್ ಕಡೆ ತಿರುಗಿದೆ. ಅವರೂ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಕಡೆ ಬಾಗಿ, "ಇವತ್ತು ಅವನ ಹಬ್ಬ. ಇರಲಿ ಬಿಡು," ಎಂದರು.

ಆ ರಾತ್ರಿ ನನ್ನ ದಿನಚರಿಯ ಮೂರು ಸಾಲುಗಳಲ್ಲೂ ಏನೂ ಬರೆಯಲಿಲ್ಲ.

ಸೋಮವಾರ ಹತ್ತಕ್ಕೆ ಡಾಕ್ಟರ್ ರೂಮಿನಲ್ಲಿ ಕೂತೆವು. ಡಾಕ್ಟರ್ ಮಾತು ಹುಡುಕುತ್ತಿದ್ದಂತೆ ಆಗ್ನೆಸ್, "ನನ್ನ ಗಂಡನಿಗೆ ಹೇಳಿ ಡಾಕ್ಟರ್. ನನಗೆ ಗೊತ್ತು," ಎಂದರು. ಡಾಕ್ಟರ್ ನನ್ನನ್ನು ನೋಡಿದರು. ಆಮೇಲೆ ಸ್ಕ್ಯಾನ್ ತೋರಿಸಿ ಸಾವಧಾನವಾಗಿ ಎಲ್ಲವನ್ನೂ ಹೇಳಿದರು. ನೋವು ಕಡಿಮೆ ಮಾಡುವ ಚಿಕಿತ್ಸೆಯನ್ನು ಊರಿನಲ್ಲೇ ಪಡೆಯಬಹುದು ಎಂದರು. ಪೀಟರ್ ಮೊದಲು ವಾದ ಮಾಡಿದರು, ಆಮೇಲೆ ಅತ್ತರು. ಅವರಿಗೆ ನೀರು ತಂದುಕೊಡುವುದನ್ನು ಬಿಟ್ಟು ನನಗೆ ಮಾಡಲು ಏನೂ ಇರಲಿಲ್ಲ. ಹೊರಗೆ ಬಂದು ಪ್ರಸಾದಣ್ಣನಿಗೆ ಫೋನ್ ಮಾಡಿದೆ. "ಹುಡುಗ್ರಿಗೆ ನಾನೇ ಹೇಳ್ತೀನಮ್ಮ," ಎಂದರು.

ಮಧ್ಯಾಹ್ನ ನಾನೇ ಇಬ್ಬರನ್ನೂ ಶೆಟ್ಟಿಹಳ್ಳಿಗೆ ಬಿಟ್ಟೆ. ಕುಂಬಳ ಅಡುಗೆ ಮನೆಯ ಕಟ್ಟೆಯ ಮೇಲಿತ್ತು. ಪೀಟರ್ ಅದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಆಗ್ನೆಸ್ ಒಳಗೆ ಹೋಗಿ ಮಚ್ಚು ತಂದು ಅವರ ಕೈಗೆ ಕೊಟ್ಟರು.

"ಆಸ್ಪತ್ರೆಯಿಂದ ಬಂದ ದಿನ ಅಂದಿದ್ದೆಯಲ್ಲ? ಬಂದಿದ್ದೇನೆ. ಕತ್ತರಿಸು."

ಅವತ್ತು ಸಂಜೆ ರಕ್ತ ಕೊಡಬೇಕಿದ್ದ ಐವರೂ ಬಂದು ಉಂಡರು.

ಯಾರು ಹೇಳಬೇಕು, ಯಾವಾಗ ಹೇಳಬೇಕು ಎಂಬ ನಿಯಮ ಈಗಲೂ ಹಾಗೆಯೇ ಇದೆ, ಇರಬೇಕಾದದ್ದೇ. ಆದರೆ ಆಪರೇಷನ್ ರದ್ದಾಯಿತೆಂದು ಯಾವ ಡಾಕ್ಟರ್ ತಿಳಿಸಿದರೂ, ಥಿಯೇಟರಿಗೆ ಫೋನ್ ಮಾಡುವ ಮೊದಲು ನಾನು ಒಂದು ಮಾತು ಕೇಳುತ್ತೇನೆ: "ಅವರು ಉಪವಾಸ ಇದ್ದಾರೆ ಸರ್. ಇವತ್ತೇ ಹೇಳಕ್ಕಾಗುತ್ತಾ?" ಕೆಲವರು ಆಗುವುದಿಲ್ಲ ಎನ್ನುತ್ತಾರೆ. ಕೆಲವರು ಕೋಟು ತೊಟ್ಟು ಎದ್ದು ಬರುತ್ತಾರೆ.