ಗೇಟಿನಾಚೆಯ ಹಾರ್ನ್

ಹಾರ್ನ್ ನನಗೆ ಕೇಳಿಸಿತ್ತು. ವಿಚಾರಣೆಯಲ್ಲಿ ಕೇಳಿಸಲಿಲ್ಲ ಎಂದೆ. ಗೇಟು ತೆರೆದೇ ಇತ್ತು ಎಂದೂ ಹೇಳಿದೆ. ಎರಡೂ ಸುಳ್ಳು. ಆ ಸುಳ್ಳಿನಿಂದ ಅಗ್ನಿಶಾಮಕ ವಾಹನದ ಚಾಲಕ ಸುಕುಮಾರನ್ ಅಮಾನತಾದ. ಸರಸಮ್ಮ ಟೀಚರ್ ಅಷ್ಟರಲ್ಲಾಗಲೇ ಬೆಂಕಿಯಲ್ಲಿ ತೀರಿಹೋಗಿದ್ದರು.

ತೊಂಬತ್ತರ ದಶಕದ ಮಾತು. ತಿರುವನಂತಪುರದ ಅಂಚಿನ ಶ್ರೀಕಾರ್ಯಂನಲ್ಲಿ ನಮ್ಮ ಕಾಲೊನಿ. ನಾನು ಕೇಂದ್ರ ಸರ್ಕಾರದ ಕಚೇರಿಗೆ ವರ್ಗವಾಗಿ ಬಂದ ಅಧಿಕಾರಿ. ಅಪ್ಪ ಗದಗಿನಲ್ಲಿ ಹತ್ತಿ ಅಂಡಿಗೆ ಹೊತ್ತು ನನ್ನನ್ನು ಓದಿಸಿದವನು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನೇ. ಆ ಹೆಮ್ಮೆ ಇವತ್ತಿಗೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದನ್ನು ಎಲ್ಲಿ ಇಡಬೇಕೋ ಅಲ್ಲಿ ಇಡಲಿಲ್ಲ.

ಮರಳಿನ ಲಾರಿಗಳು ಹತ್ತಿರದ ದಾರಿಯೆಂದು ನಮ್ಮ ರಸ್ತೆಗೇ ನುಗ್ಗುತ್ತಿದ್ದವು. ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿ ನಾನೇ ಪಂಚಾಯಿತಿಗೆ ಅಲೆದು ರಸ್ತೆಗೆ ಕಬ್ಬಿಣದ ಗೇಟು ಹಾಕಿಸಿದೆ. ತುರ್ತು ಬಿದ್ದರೆ ತಕ್ಷಣ ತೆಗೆಯಬೇಕು ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಗೇಟಿನ ಪಕ್ಕದ ಮನೆ ನನ್ನದೇ, ಕೀಲಿಯೂ ನನ್ನ ಹತ್ತಿರವೇ. ಅಗ್ನಿಶಾಮಕ ಠಾಣೆಯವರು ನೋಡಲು ಬಂದಾಗ ಸುಕುಮಾರನ್ ವಿನಯದಿಂದಲೇ ಕೇಳಿದ್ದ: "ಸಾರೇ, ಒರು ತಾಕ್ಕೋಲ್ ಸ್ಟೇಷನಿಲ್ ತರಾಮೋ?" ಠಾಣೆಗೂ ಒಂದು ಕೀಲಿ ಕೊಡಬಹುದೇ ಎಂದು. ನಾನಿರುವಾಗ ನಿಮಗ್ಯಾಕೆ ಎಂದು ಕಳಿಸಿಬಿಟ್ಟೆ. ಕೊಟ್ಟಿದ್ದರೆ —

ಲಾರಿಯವರು ಗೇಟಿನ ಮುಂದೆ ನಿಂತು ಹಾರ್ನ್ ಬಾರಿಸುವರು. ನಾನು ಏಳುತ್ತಿರಲಿಲ್ಲ. ಬಾರಿಸಿ ಬಾರಿಸಿ ಬೇಸತ್ತು ಹಿಂದಕ್ಕೆ ಹೋಗುವರು. "ಸಾರ್ ಇದ್ದರೆ ನಮಗೆ ನೆಮ್ಮದಿ" ಎನ್ನುತ್ತಿದ್ದರು ಅಕ್ಕಪಕ್ಕದವರು. ಹಾರ್ನ್ ಕೇಳಿಯೂ ಕೂತಿರುವುದು ನನಗೊಂದು ಸುಖವೇ ಆಗಿಹೋಗಿತ್ತು — ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಓಣಂ ರಜೆ. ಕಾಲೊನಿಯವರೆಲ್ಲ ತಂತಮ್ಮ ಊರಿಗೆ ಹೋಗಿದ್ದರು. ಗದಗು ದೂರವೆಂದು ನಾವು ಉಳಿದಿದ್ದೆವು. ರಸ್ತೆಯ ಆ ತುದಿಯ ಮನೆಯಲ್ಲಿ ಸರಸಮ್ಮ ಟೀಚರ್ ಇದ್ದರು. ನನ್ನ ಮಗಳಿಗೆ ಮಲಯಾಳಂ ಅಕ್ಷರ ತಿದ್ದಿಸಿದವರು, ಆಗ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ನೋಡಿಕೊಳ್ಳುವ ಹೆಂಗಸು ಸೀಮೆಎಣ್ಣೆ ಸ್ಟೋವ್ ಹಚ್ಚುವಾಗ ಬೆಂಕಿ ಪರದೆಗೆ ಹತ್ತಿತಂತೆ. ಅವಳು ಹಿಂದಿನ ಬೀದಿಗೆ ಕೂಗುತ್ತಾ ಓಡಿದಳು. ಅಲ್ಲಿಯ ಯಾರೋ ಠಾಣೆಗೆ ಫೋನ್ ಮಾಡಿದರು.

ಮಧ್ಯಾಹ್ನ ಉಂಡು ಅಡ್ಡಾಗಿದ್ದೆ. ಹಾರ್ನ್ ಶುರುವಾಯಿತು.

"ಏಳ್ರಿ, ಗಂಟೀನೂ ಬಾರಸಾಕತ್ಯಾರ," ಅಂದಳು ಹೆಂಡತಿ.

"ಗುಡಿ ಗಂಟಿ ಇರಬೇಕು. ಹಬ್ಬ ಐತೆಲ್ಲ."

"ಹಿಂಗೂ ಬಾರಸ್ತಾರೇನ್ರಿ ಗುಡ್ಯಾಗ?"

"ಬಾರಸಲಿ ಬಿಡು. ಸಾಕಾದ ಮ್ಯಾಲೆ ತಾನ ಹೊಕ್ಕಾನ."

ಹೋದ. ಅದು ಲಾರಿಯಲ್ಲ. ಸುಕುಮಾರನ್ ವಾಹನ ತಿರುಗಿಸಿಕೊಂಡು, ರೈಲ್ವೆ ಗೇಟು ದಾಟಿ, ಸುತ್ತಿ ಬರುವ ದಾರಿ ಹಿಡಿದಿದ್ದ. ಹೊಗೆ ಮೂಗಿಗೆ ಬಡಿದಾಗ ಕೀಲಿ ಹಿಡಿದು ಓಡಿದೆ. ಬೀಗದ ಮೇಲೆ ಕೊಡಲಿ ಏಟಿನ ಗುರುತಿತ್ತು. ಒಡೆಯಲು ನೋಡಿದ್ದರು, ಅಷ್ಟು ಗಟ್ಟಿ ಬೀಗವನ್ನು ಹುಡುಕಿ ತಂದವನು ನಾನೇ. ತೆರೆದೆ. ಬರಬೇಕಾದ ವಾಹನ ಅಲ್ಲಿರಲಿಲ್ಲ. ಅದು ಆ ಕಡೆಯಿಂದ ಬಂದು ಮುಟ್ಟುವಷ್ಟರಲ್ಲಿ ಟೀಚರ್ ಮಲಗಿದ್ದ ಕೋಣೆಯ ಮಾಡು ಕುಸಿದಿತ್ತು.

ಮುಖ್ಯರಸ್ತೆಯಿಂದ ಓಡಿ ಬಂದವರು ಕಂಡದ್ದು ತೆರೆದ ಗೇಟನ್ನು. "ಇಷ್ಟು ಅಗಲ ತೆರೆದಿದೆ, ಸುತ್ತಿ ಯಾಕೆ ಬಂದ ಇವನು? ಕುಡಿದಿದ್ದನಾ?" ಎಂದು ಯಾರೋ ಕಿರುಚಿದರು. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಏಟು ಬಿದ್ದ ಬೀಗವನ್ನು ಲುಂಗಿಯ ಮಡಿಲಲ್ಲಿ ಇಟ್ಟುಕೊಂಡು ಹೋಗಿ ಹಿತ್ತಲಿನ ಹಾಳುಬಾವಿಗೆ ಹಾಕಿದೆ. ಹೆಂಡತಿ ನೋಡಿದಳು. ಆಮೇಲೆ ಆ ಬಾವಿಯ ಕಡೆ ಅವಳು ಬಟ್ಟೆ ಒಣಹಾಕಲೂ ಹೋಗಲಿಲ್ಲ.

ಗೇಟಿಗೆ ಬೀಗ ಬಿದ್ದಿತ್ತು ಎಂದು ಸುಕುಮಾರನ್ ಹೇಳಿದ. ಜೊತೆಯವರೂ ಹೇಳಿದರು. ಆದರೆ ಅವರು ಅವನ ಜೊತೆಯವರು; ನಾನು ಓದಿದವನು, ಅಧಿಕಾರಿ. ನನ್ನ ಮಾತು ನಡೆಯಿತು. ಅಪ್ಪ ಬೆನ್ನು ಬಗ್ಗಿಸಿ ಕೊಡಿಸಿದ ಪದವಿಯನ್ನು ನಾನು ಬಳಸಿದ್ದು ಹೀಗೆ — ಇನ್ನೊಬ್ಬ ದುಡಿಯುವವನ ಬೆನ್ನು ಮುರಿಯಲು.

ವಿಚಾರಣೆಯ ಕೋಣೆಯ ಹೊರಗೆ ಅವನು ಎದುರಾದ. ಬೈಯುತ್ತಾನೆ ಎಂದುಕೊಂಡೆ. ಮೆಲ್ಲಗೆ ಕೇಳಿದ, ನಿಜಕ್ಕೂ ತಿಳಿಯಬೇಕೆಂಬಂತೆ: "ಸಾರೇ, ಹಾರ್ನ್ ಕೇಟ್ಟಿಲ್ಲೇ?" ಹಾರ್ನ್ ಕೇಳಿಸಲಿಲ್ಲವೇ ಎಂದು.

"ಇಲ್ಲ," ಎಂದೆ.

ತಲೆಯಾಡಿಸಿ ಹೋದ. ಮರಳಿ ಕೆಲಸ ಸಿಕ್ಕಾಗಲೂ ಅವನಿಗೆ ಸ್ಟಿಯರಿಂಗ್ ಸಿಗಲಿಲ್ಲವಂತೆ. ಠಾಣೆಯಲ್ಲಿ ಪೈಪು ಒಣಗಿಸುವ, ಸುತ್ತಿಡುವ ಕೆಲಸ.

ನನಗೆ ಬಡ್ತಿ ಬಂತು, ವರ್ಗವಾಯಿತು, ನಿವೃತ್ತಿಯೂ ಆಯಿತು. ಅವನು ಈಗ ಮಗಳ ಮನೆಯಲ್ಲಿದ್ದಾನೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಅವನ ಇಲಾಖೆಗೆ ಎಲ್ಲವನ್ನೂ ಬರೆದು, ಸಹಿ ಹಾಕಿ ಕಳಿಸಿದ್ದಾಗಿದೆ. ಟೀಚರ್ ಮಗನಿಗೂ ತಿಳಿಸಿದ್ದೇನೆ. ಅವನಿಂದ ಉತ್ತರ ಬಂದಿಲ್ಲ, ಬರಬೇಕಾಗಿಯೂ ಇಲ್ಲ. ನಾಳೆ ರೈಲು ಹತ್ತುತ್ತೇನೆ. ಸುಕುಮಾರನ್ ಬಾಗಿಲು ತೆಗೆಯದೆ ಹೋಗಬಹುದು. ಎಷ್ಟು ಹೊತ್ತು ಹೊರಗೆ ನಿಲ್ಲಿಸುವುದೆಂಬುದು ಅವನಿಗೆ ಬಿಟ್ಟದ್ದು.

ತೆಗೆದರೆ ನಮಸ್ಕಾರಕ್ಕೂ ಮೊದಲು ಅವನ ಭಾಷೆಯಲ್ಲೇ ಅವನಿಗೆ ಉತ್ತರ ಹೇಳಬೇಕು: ಕೇಟ್ಟಿರುನ್ನು, ಸುಕುಮಾರಾ. ಕೇಳಿಸಿತ್ತು.