ಭಂಡಾರದೊಳಗಿನ ಬಾಟ್ಲಿ

ನಮ್ಮೂರು ಮಂಗಸೂಳಿಯ ದ್ರಾಕ್ಷಿ ತೋಟದ ಸಾವ್ಕಾರರು ಎಲ್ಲಿಗೆ ಹೊರಟರೂ ಅರ್ಧ ಮನೆಯನ್ನು ಚೀಲಕ್ಕೆ ತುಂಬಿಕೊಳ್ಳುವವರು. ಬೀಗರ ಮದುವೆಗೂ ಸ್ವಂತ ರೊಟ್ಟಿ, ಸ್ವಂತ ಶೇಂಗಾ ಚಟ್ನಿ, ಕುಡಿಯಲು ಸ್ವಂತ ಬಾವಿಯ ನೀರು. ಯಾರಾದರೂ ನಕ್ಕರೆ ಮೀಸೆಯ ತುದಿ ತಿರುವಿ, “ಹೊರಗಿಂದು ನನಗ ಒಗ್ಗೂದಿಲ್ರಿ” ಎನ್ನುತ್ತಿದ್ದರು.

ಒಮ್ಮೆ ಸಾವ್ಕಾರರೂ ನಾನೂ ಮುಂಬೈಯಿಂದ ಗೋವಾಕ್ಕೆ ಕ್ರೂಸ್ ಹಡಗಿನಲ್ಲಿ ಹೊರಟೆವು. ಹಡಗಿಗೆ ನಮ್ಮ ದಾರೂ ಒಯ್ಯುವಂತಿಲ್ಲ, ಅಲ್ಲಿನದನ್ನೇ ಕೊಂಡು ಕುಡಿಯಬೇಕು ಎಂಬ ನಿಯಮ ಕೇಳಿ ಸಾವ್ಕಾರರಿಗೆ ಉರಿದುಹೋಯಿತು. ತಮ್ಮ ಮನೆದೇವರು ಮಲ್ಲಯ್ಯನ ಭಂಡಾರದ ಚೀಲದೊಳಗೆ, ಆ ಪ್ರಸಾದದ ಅರಿಶಿನ ಪುಡಿಯ ನಡುವೆ, ವಿಸ್ಕಿ ಬಾಟ್ಲಿಯನ್ನು ಹೂತುಬಿಟ್ಟರು.

“ದೇವರ ಚೀಲಕ್ಕ ಯಾರ್ ಕೈ ಹಾಕ್ತಾರ್ರಿ?”

ಬಂದರಿನಲ್ಲಿ ತಪಾಸಣೆಗೆ ನಿಂತಿದ್ದವನು ನಮ್ಮ ಗಡಿಯಾಚೆ ಮಹಾರಾಷ್ಟ್ರದ ಜತ್ತದವನು, ಕನ್ನಡ ಬಲ್ಲವನು. ಅವನ ಮನೆದೇವರೂ ಮಲ್ಲಯ್ಯನೇ. ಚೀಲ ಬಿಚ್ಚಿ, ಭಕ್ತಿಯಿಂದ ಭಂಡಾರವನ್ನು ಹಣೆಗೆ ಹಚ್ಚಿಕೊಂಡು, ಸಾವ್ಕಾರರ ಅಂಗೈಗೂ ಒಂದು ಚಿಟಿಕೆ ಹಾಕಿದ.

“ಕಾಕಾ, ಇದನ್ನ ಹಿಡಕೊಂಡು ಹೇಳ್ರಿ, ಒಳಗ ಏನೈತಿ?”

ಭಂಡಾರ ಹಿಡಿದು ಸುಳ್ಳು ಹೇಳುವ ಗಂಡಸು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಸಾವ್ಕಾರರು ಬಾಯಿಬಿಟ್ಟರು.

“ಇದರಾಗ ಒಂದು ಬಾಟ್ಲಿ ಐತ್ರಿ. ರೊಟ್ಟಿ ಗಂಟಿನ್ಯಾಗ ಇನ್ನೊಂದು ಐತ್ರಿ.” ಅಲ್ಲಿಗೂ ನಿಲ್ಲದೆ ನನ್ನ ಕಡೆ ಬೆರಳು ಮಾಡಿದರು. “ಇವರ ಥರ್ಮಾಸ್‌ನಾಗ ಇರೂದೂ ಚಹಾ ಅಲ್ರಿ.”

ಮೂರನ್ನೂ ತಪಾಸಣೆಯವರು ಅಲ್ಲೇ ಇರಿಸಿಕೊಂಡರು.

ಸಂಜೆ ಹಡಗಿನ ಬಾರಿನಲ್ಲಿ ಅವರ ಮೊದಲ ಗ್ಲಾಸು ಬರಿದಾದಾಗ, “ಹೊರಗಿಂದು ಒಗ್ಗೂದಿಲ್ಲ ಅಂತಿದ್ರಿ?” ಎಂದು ಚುಚ್ಚಿದೆ.

ಸಾವ್ಕಾರರು ಎದ್ದರು. ಕೈಗಂಟಿದ್ದ ಭಂಡಾರವನ್ನು ಚೆನ್ನಾಗಿ ತೊಳೆದುಕೊಂಡು ಬಂದು ಕೂತರು.

“ಖರೇನ ಒಗ್ಗೂದಿಲ್ರಿ” ಎಂದು ಇನ್ನೊಂದಕ್ಕೆ ಗ್ಲಾಸು ಚಾಚಿದರು.